ಪ್ಯಾಕೇಜಿನ ಒಳಗಿಟ್ಟ ಕೂರಿಗೆ

೨೦೦೫ರಲ್ಲಿ, ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನು ಶಾಲೆ ಬಿಟ್ಟೆ. ಆಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೊಲಗಳಲ್ಲಿ ಬೆಳೆ ಸಮೀಕ್ಷೆ ಮಾಡುತ್ತ ತಿರುಗಿದೆ. ಸ್ಮಾರ್ಟ್‌ಫೋನು ಕೈಗೆ ಬಂದ ಮೇಲೆ, ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶವನ್ನು ಬಸ್ಸಿನಲ್ಲಿ ಕುಳಿತು, ಫೋನಿನಲ್ಲಿ ನೋಡಿ ನೋಡಿ ಕಲಿತೆ. ಯಾರೂ ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಕಡೆ ಹೊಲವನ್ನು ಕೂರಿಗೆಯಲ್ಲಿ ಹೇಳುತ್ತಾರೆ. ಎತ್ತು ಕಟ್ಟಿ ಬಿತ್ತುವ ಕೂರಿಗೆ ಒಂದು ದಿನಕ್ಕೆ ಮುಗಿಸುವಷ್ಟು ನೆಲವೇ ಒಂದು ಕೂರಿಗೆ. ಕಪ್ಪು ಎರೆ ಮಣ್ಣಿನಲ್ಲಿ ಅದು ಒಂದಳತೆ, ಕೆಂಪು ಮಸಾರಿಯಲ್ಲಿ ಇನ್ನೊಂದು. ಊರೂರು ಅಳೆದು ನಾನೇ ಪಟ್ಟಿ ಮಾಡಿದ್ದೆ. ಕೂರಿಗೆಯನ್ನು ಎಕರೆಗೆ ತಿರುಗಿಸುವ ಸಣ್ಣ ಪ್ಯಾಕೇಜು, ಅಂದರೆ ಆರ್‌ನಲ್ಲಿ ಬಳಸುವ ಕೋಡಿನ ಕಟ್ಟು, ಬರೆದು ಸಮೀಕ್ಷಕರಿಗೆ ಹಂಚಿ, ಪಟ್ಟಿಯನ್ನು ಬೇರೆ ಕಡತವಾಗಿ ಜೊತೆಗೆ ಕೊಟ್ಟೆ. ತಪ್ಪಿದ್ದು ಅಲ್ಲಿ.

ಮುದ್ದೇಬಿಹಾಳದ ಸಮೀಕ್ಷಕ, ನನ್ನ ಗೆಳೆಯ, ಆ ಕಡತ ತೆರೆದು ಎಲ್ಲ ಊರಿಗೂ ನಾಲ್ಕೆಕರೆ ಎಂದು ತಿದ್ದಿದ. ಸಿಂದಗಿ ಕಡೆಯ ಒಂದೂರಿನಲ್ಲಿ ಕೂರಿಗೆ ಮೂರೇ ಎಕರೆ. ಅಲ್ಲಿನ ಹೊಲ ಕಾಗದದಲ್ಲಿ ಹಿಗ್ಗಿತು, ಎಕರೆಯ ತೊಗರಿ ಇಳುವರಿ ಕುಗ್ಗಿತು. ವಾರದೊಳಗೆ ಸರಿಯಾಗದಿದ್ದರೆ ನನ್ನ ಪ್ಯಾಕೇಜು ಬೇಡವೆಂದು ಸಮೀಕ್ಷೆ ನಡೆಸುವ ಕಚೇರಿಯ ಮೇಡಂ ಹೇಳಿದರು.

ಗೆಳೆಯನನ್ನು ಕೇಳಿದೆ, “ಪಟ್ಟಿ ಯಾಕ ತಿದ್ದಿದಿಲೇ?”

“ಕೂರಿಗಿ ಅಂದ್ರ ನಾಕ ಎಕರೆ. ನಮ್ಮಜ್ಜನ ಕಾಲದಿಂದ ಹಂಗ ಐತಿ. ನಿನ್ನ ತಪ್ಪ ಸರಿ ಮಾಡೇನಿ, ಚಾ ಕುಡಿಸು.”

“ನಿಮ್ಮಜ್ಜ ಸಿಂದಗ್ಯಾಗೂ ಬಿತ್ತಿದ್ನೇನು?”

“ಅಷ್ಟ ದೂರ ನಮ್ಮ ಎತ್ತ ಎಲ್ಲಿ ಹೊಕ್ಕಾವೋ.”

ಅವನ ಕೂಡ ವಾದ ಮಾಡಿ ಫಲವಿರಲಿಲ್ಲ. ಪಟ್ಟಿಯನ್ನು ಪ್ಯಾಕೇಜಿನ ಒಳಗಿನ ದತ್ತಾಂಶವಾಗಿ ಕಟ್ಟಿಟ್ಟೆ. ಲೆಕ್ಕ ಮಾಡುವ ಫಂಕ್ಷನ್ನುಗಳು ಅದನ್ನು ಓದುತ್ತವೆ. ಬಳಸುವವರು ಕೈ ಹಾಕಿ ತಿದ್ದಲು ಹೊರಗೆ ಕಡತವೇ ಇಲ್ಲ.

ಮೇಡಂ ಒಪ್ಪಲಿಲ್ಲ. “ಒಳಗ ಮುಚ್ಚಿಟ್ರ ನಂಬೂದು ಹೆಂಗ್ರಿ? ನಿಮ್ದ ತಪ್ಪಿದ್ರ?”

“ಮುಚ್ಚಿಟ್ಟಿಲ್ರಿ. ಅಳದ ಲೆಕ್ಕ, ಪಟ್ಟಿ ಕಟ್ಟೂ ಕೋಡು, ಎರಡೂ ಪ್ಯಾಕೇಜಿನ ಮೂಲ ಇಟ್ಟ ಈ ಫೋಲ್ಡರಿನ್ಯಾಗ ಅದಾವ. ತಿದ್ದಾವ್ರು ಮೊದಲ ಹೊಲಾ ಅಳದು ಬರ್ಲಿ. ಆಮ್ಯಾಲ ಪಟ್ಟಿ ಹೊಸದಾಗಿ ಕಟ್ಟೂಣು.”

“ಹಂಗಾದ್ರ ನಡೀರಿ, ಅಳಿಯೂಣು.”

ಅವರೇ ಆರಿಸಿದ, ಒಂದೊಂದು ಕೂರಿಗೆಯ ಮೂರು ಹೊಲ ಅಳೆದೆವು. ಎರಡು ಹೊಲ ಪಟ್ಟಿಗೆ ಸರಿಯಾಗಿ ಹೊಂದಿದವು. ಬಾಗೇವಾಡಿ ಕಡೆಯ ಮೂರನೆಯದು ಹೊಂದಲಿಲ್ಲ. ಮಸಾರಿ ಹೊಲವನ್ನು ನಾನು ಎರೆ ಎಂದು ಬರೆದಿದ್ದೆ. ಅವರೆದುರೇ ಮೂಲ ಲೆಕ್ಕ ತಿದ್ದಿ, ಪಟ್ಟಿಯನ್ನು ಮತ್ತೆ ಕಟ್ಟಿ ತೋರಿಸಿದೆ. ಐದು ನಿಮಿಷದ ಕೆಲಸ.

“ಇದನ್ನ ಇಟ್ಕೋತೀವ್ರಿ,” ಅಂದರು.

ಈಗ ನನ್ನಲ್ಲಿ ಒಂದು ಬೈಕು, ಒಂದು ಲ್ಯಾಪ್‌ಟಾಪು, ನಾಲ್ಕು ತಾಲ್ಲೂಕಿನಲ್ಲಿ ಪ್ಯಾಕೇಜು ಬಳಸುವ ಇಪ್ಪತ್ತಾರು ಜನ, ಆ ಪ್ಯಾಕೇಜಿನೊಳಗೆ ಅರವತ್ತೆರಡು ಊರಿನ ಕೂರಿಗೆ.