ಭಂಡಾರ ತಡೆಯುವ ಪ್ರಿಂಟರ್

ಮಂಗಸೂಳಿಯ ಕಾಡಸಿದ್ದ ಎಂಬವನು ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ಗುತ್ತಿಗೆ ನೌಕರ. ಕಬ್ಬಿನ ಟ್ರ್ಯಾಕ್ಟರ್ ಬಂದು ನಿಂತರೆ ಅವನು ಒಂದು ಬಟನ್ ಒತ್ತುತ್ತಾನೆ, ಚೀಟಿ ಬರುತ್ತದೆ. ಇಷ್ಟು ವಿದ್ಯೆಗೇ ಊರು ಅವನನ್ನು ‘ಕಂಪ್ಯೂಟರ್ ಸಿದ್ದ’ ಎಂದು ಕರೆಯಿತು. ಅವನೂ ಬೇಡವೆನ್ನಲಿಲ್ಲ. ಹೆಂಡತಿ ಭಾಗ್ಯಾ ಆ ಹೆಸರನ್ನು ನಂಬಿದಳು, ಅದು ಅವಳ ಗ್ರಹಚಾರ.

ಭಾಗ್ಯಾ ಪಡಸಾಲೆಯಲ್ಲಿ ಸಣ್ಣ ಮಕ್ಕಳಿಗೆ ಟ್ಯೂಶನ್ ಹೇಳುತ್ತಿದ್ದಳು. ಅಕ್ಷರದ ಪಕ್ಕ ಆಡು, ಕುರಿ, ಬಾಳೆಹಣ್ಣಿನ ಚಿತ್ರ ತಾನೇ ಬರೆದು, ಪ್ರಿಂಟರಿನಲ್ಲಿ ಸ್ಕ್ಯಾನ್ ಮಾಡಿ, ಮಗುವಿಗೊಂದು ಬಣ್ಣದ ಹಾಳೆ ತೆಗೆದುಕೊಡುತ್ತಿದ್ದಳು. ಮಕ್ಕಳು ಬರುತ್ತಿದ್ದುದೇ ಆ ಹಾಳೆಗೆ. ಖಂಡೆನವಮಿಯ ಆಯುಧಪೂಜೆಯ ದಿನ ಕಾಡಸಿದ್ದನ ತಾಯಿ ಸಾವಕ್ಕ ಉಣ್ಣೆ ಕತ್ತರಿಸುವ ಕತ್ತರಿ, ಕೊಡಲಿ, ಬೈಕುಗಳ ಸಾಲಿನಲ್ಲಿ ಪ್ರಿಂಟರನ್ನೂ ಕೂಡಿಸಿ, ಊರ ದೇವರು ಮಲ್ಲಯ್ಯನ ಭಂಡಾರವನ್ನು ಬೊಗಸೆ ತುಂಬ ತೂರಿದಳು. ಅಥಣಿಯ ರಿಪೇರಿಯವನು ಬಿಚ್ಚಿ ನೋಡಿದರೆ ಒಳಗೆಲ್ಲ ಅರಿಷಿಣದ ಪುಡಿ.

“ಇದನ್ನ ಒಗ್ಗರಣಿಗೆ ಹಾಕಬಹುದ್ರಿ. ಪ್ರಿಂಟ್ ಆಗಂಗಿಲ್ಲ.”

“ಯಾವುದಾರ ಒಂದು ತಗೊಂಬರ್ರಿ,” ಎಂದಳು ಭಾಗ್ಯಾ ಗಂಡನಿಗೆ. “ಬಸ್ ಸ್ಟ್ಯಾಂಡ್ ಕಡೆ ಹೊಸಾ ಕ್ಲಾಸ್ ಸುರು ಆಗೇತಿ. ನನ್ನ ಹುಡುಗೂರು ಅಲ್ಲಿಗೆ ಹೊಂಟಾರ.”

ಯಾವುದಾರ ಒಂದು! ಕಂಪ್ಯೂಟರ್ ಸಿದ್ದನಿಗೆ ಹೇಳುವ ಮಾತೇ ಇದು? ಅವನು ಮೊಬೈಲಿನಲ್ಲಿ ವಿಡಿಯೊ ನೋಡಲು ಕುಳಿತ. ಇಂಕ್ ಟ್ಯಾಂಕೋ, ಲೇಸರೋ? ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಉಗಿಯುತ್ತಿದ್ದ. ವೈಫೈ ಅಂತೂ ಬೇಕೇ ಬೇಕು, ಹಳೆಯದರ ಕೇಬಲ್ಲನ್ನು ಆಡಿನ ಮರಿ ಅಗಿದು ನುಂಗಿತ್ತು. ಭಾಗ್ಯಾಳ ಫೋನು, ತನ್ನ ಮುದಿ ಲ್ಯಾಪ್‌ಟಾಪು, ಹೊಸ ಪ್ರಿಂಟರು ಎಲ್ಲ ಒಂದೇ ರೂಟರಿಗೆ ಸೇರಬೇಕು. ಇದನ್ನೆಲ್ಲ ವಿಡಿಯೊದವರು ಹೇಳಿದರು. ಅವನಿಗೆ ಬೇಕಾದುದನ್ನು ಮಾತ್ರ ಯಾರೂ ಹೇಳಲಿಲ್ಲ.

ಕೊನೆಗೆ ಅಥಣಿಯ ಅಂಗಡಿಗೆ ಹೋಗಿ ಮಾಲೀಕ ಭರಮುನನ್ನೇ ಕೇಳಿದ: “ಭಂಡಾರ ತಡೀತೈತೇನ್ರಿ?”

ಭರಮು ಅವನನ್ನು ಮೇಲಿಂದ ಕೆಳಗೆ ನೋಡಿದ. “ಮಂಗಸೂಳಿಯವರೇನ್ರಿ?”

“ಹೌದ್ರಿ.”

“ವಾರಂಟಿ ಐತ್ರಿ. ಮಲ್ಲಯ್ಯಂದು ಅದರಾಗ ಹಿಡದಿಲ್ಲ ನೋಡ್ರಿ.”

ವಿಚಾರ ಮಾಡಿ ಬರುತ್ತೇನೆಂದು ಕಾಡಸಿದ್ದ ಮನೆಗೆ ಬಂದ. ದೀಪಾವಳಿ ಹೋಯಿತು, ಕಬ್ಬಿನ ಹಂಗಾಮು ಏರಿತು, ಅವನ ವಿಚಾರ ಮುಗಿಯಲಿಲ್ಲ. ಅಂತೂ ಗಟ್ಟಿ ಮುಚ್ಚಳದ್ದೊಂದನ್ನು ಆರಿಸಿ ಬೈಕಿಗೆ ಕಟ್ಟಿಕೊಂಡು ಬರುವಷ್ಟರಲ್ಲಿ ಭಾಗ್ಯಾಳ ಚಾಪೆಯ ಮೇಲೆ ಒಂದೇ ಮಗು ಉಳಿದಿತ್ತು, ಓಣಿಯ ಶೇವಂತಾಳ ಮಗಳು.

“ಯವ್ವಾ, ಬರೇ ಕುಂಕುಮ. ಭಂಡಾರ ಬ್ಯಾಡ,” ಎಂದ. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ಮಾತು.

“ಆತು ಬಿಡಪಾ, ನೀ ಕಲತಾಂವ,” ಎಂದು ಸಾವಕ್ಕ ಒಂದು ಬೊಟ್ಟಿಟ್ಟು, ಭಂಡಾರದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕುಳಿತಳು.

ಪ್ರಿಂಟರು ವೈಫೈಗೆ ಸೇರಲಿಲ್ಲ. ದೀಪ ಮಿಣುಕುತ್ತಲೇ ಇತ್ತು. ಕಾಡಸಿದ್ದ ಪಾಸ್‌ವರ್ಡ್ ಹಾಕಿದ, ಆರಿಸಿ ಹಚ್ಚಿದ, ಕೂಸಿನಂತೆ ಎತ್ತಿಕೊಂಡು ಹೋಗಿ ರೂಟರಿನ ಪಕ್ಕ ಕೂಡಿಸಿದ. ಅವನ ವಿದ್ಯೆ ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಮಗಳನ್ನು ಕರೆದುಕೊಂಡು ಹೋಗಲು ಶೇವಂತಾ ಬಂದಳು.

“ಏನಾತೋ ಕಂಪ್ಯೂಟರ್ ಸಿದ್ದಾ, ಹಠಾ ಮಾಡಾಕತ್ತೈತೇನು?”

ಭಾಗ್ಯಾ ಅವನ ಕಿವಿಯ ಹತ್ತಿರ ಬಂದು, “ಇವತ್ತ ಹಾಳಿ ಕೊಟ್ರ ಈ ಒಂದು ಕೂಸಾರ ಉಳೀತೈತ್ರಿ,” ಎಂದಳು.

ಅವನ ಕೈ ಎಲ್ಲಿಗೆ ಹೋಯಿತೆಂದು ಅವನಿಗೇ ತಿಳಿಯಲಿಲ್ಲ. “ಏಳಕೋಟಿ ಏಳಕೋಟಿಗೋ!” ಎಂದು ತಾನೇ ಮಲ್ಲಯ್ಯನನ್ನು ಕೂಗಿದ್ದು ಕೇಳಿದಾಗ ತಾಯಿಯ ಚೀಲದ ಭಂಡಾರ ಗಾಳಿಯಲ್ಲಿತ್ತು. ಮುಚ್ಚಳ ಭದ್ರವಾಗಿತ್ತು. ಹಿಂದೆ ಹಾಳೆ ಇಡುವ ಬಾಯಿ ಅಗಲವಾಗಿ ತೆರೆದಿತ್ತು.

ದೀಪ ಮಿಣುಕುವುದನ್ನು ನಿಲ್ಲಿಸಿ ನೀಲಿಯಾಗಿ ನಿಂತಿತು.

“ನಾ ಏನೂ ಅಂದಿಲ್ಲಪಾ,” ಎಂದಳು ಸಾವಕ್ಕ.

ಭಾಗ್ಯಾ ಫೋನಿನಿಂದ ಕಳಿಸಿದ ಹಾಳೆ ಬಂತು. ಆಡಿನ ಕೊಂಬಿನಿಂದ ಬಾಲದ ತನಕ ಅಡ್ಡಾದಿಡ್ಡಿ ಹಳದಿ ಗೀರು. ಶೇವಂತಾ ಅದನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು.

“ಬೇಜಾರಾಗಬ್ಯಾಡ್ರಿ ಭಾಗ್ಯಾ ಬಾಯಿ. ನಾಳಿಂದ ಇಕಿನೂ ಬಸ್ ಸ್ಟ್ಯಾಂಡ್ ಕ್ಲಾಸಿಗೇ ಹೋಗ್ತಾಳ. ಅವರು ಆಧಾರ ಕಾರ್ಡಿಂದು ಝೆರಾಕ್ಸ್ ಕೇಳ್ಯಾರ. ಇಲ್ಲೇ ಒಂದು ತಗದಕೊಡ್ತೀರೇನ್ರಿ?”

ಭಾಗ್ಯಾ ಕಾರ್ಡನ್ನು ಪ್ರಿಂಟರಿನ ಗಾಜಿನ ಮೇಲಿಟ್ಟಳು. ಮಗುವಿನ ಮುಖದ ಮೇಲೊಂದು ಹಳದಿ ಗೀರು ಎಳೆದು ಹಾಳೆಯನ್ನು ಹೊರಗೆ ಹಾಕಿದ ಯಂತ್ರ, ಕಲ್ಲು ಕಡಿದಂತೆ ಸದ್ದು ಮಾಡಿ ನಿಂತುಬಿಟ್ಟಿತು.

“ಭಂಡಾರ ಹತ್ತೇತಿ, ಕೂಸಿಗೆ ಚೊಲೋ ಆಗ್ತೈತಿ,” ಎಂದಳು ಸಾವಕ್ಕ. ಶೇವಂತಾ ಹಾಳೆಯನ್ನು ಕಣ್ಣಿಗೊತ್ತಿಕೊಂಡು, ಮಗಳ ಕೈ ಹಿಡಿದು ಹೋದಳು.

ಕಾಡಸಿದ್ದ ಜೇಬಿನಿಂದ ಮೊಬೈಲ್ ತೆಗೆದ. “ಇದಕ್ಕಿಂತ ಚೊಲೋದು ಒಂದು ನೋಡಿಟ್ಟೇನಿ. ಹಿಂದಿನ ಬಾಯೀನೂ ಮುಚ್ಚತೈತಿ...”

ಭಾಗ್ಯಾ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದಳು. “ಯಾರಿಗ್ರಿ?” ಎಂದಳು.