ಸಿಗದ ದೋಷ

ನಾಚಾರಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬೀದರ್ ಕಡೆಯ ಒಬ್ಬ ಅಕ್ಕ ಇದ್ದರು. ಯಾವ ಸುದ್ದಿ ಬಂದರೂ ಸೆರಗಿಗೆ ಕೈ ಒರೆಸಿಕೊಂಡು, "ಆಗ್ಲಿ ಬಿಡ್ರಿ" ಅನ್ನುತ್ತಿದ್ದರು. ಶ್ವಾಸಕೋಶದಲ್ಲಿ ಕ್ಯಾನ್ಸರ್ ಎಂದು ಗೊತ್ತಾದಾಗಲೂ ಅಷ್ಟೇ ಅಂದರು.

ಗಡ್ಡೆಯಿಂದ ಜೀವಕೋಶ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು. ಜೀನಿನಲ್ಲಿ ಒಂದು ಬಗೆಯ ದೋಷ ಸಿಕ್ಕರೆ ಅದಕ್ಕೆಂದೇ ಗುಳಿಗೆ ಇದೆ, ವರ್ಷಗಟ್ಟಲೆ ಬದುಕಬಹುದು ಎಂದು ಡಾಕ್ಟರು ಹೇಳಿದಾಗ ಜೊತೆಗಿದ್ದವಳು ನಾನು. ಅವರ ಗಂಡ ಫ್ಯಾಕ್ಟರಿಯಲ್ಲಿದ್ದರು. ಮೊದಲ ಸಲ ಜೀವಕೋಶಗಳು ಸಾಲಲಿಲ್ಲ. ಅಕ್ಕ ಮತ್ತೊಮ್ಮೆ ಸೂಜಿಗೆ ಬೆನ್ನು ಕೊಟ್ಟರು. ದೋಷ ಸಿಗಲಿ ಎಂದು ದಿನಾ ದೇವರ ಮುಂದೆ ದೀಪ ಹಚ್ಚಿದರು.

ರಿಪೋರ್ಟ್ ಬಂದ ದಿನ ಗಂಡನೂ ಬಂದಿದ್ದರು. "ಯಾವ ದೋಷವೂ ಸಿಗಲಿಲ್ಲ" ಎಂದರು ಡಾಕ್ಟರು.

"ದೋಷ ಇಲ್ಲಂತ! ನಾ ಹೇಳಿದ್ದಿಲ್ಲೇನು?" ಎಂದು ಗಂಡ ಕಣ್ಣೀರು ಒರೆಸಿಕೊಂಡು ಡಾಕ್ಟರಿಗೆ ಕೈಮುಗಿದರು. ಡಾಕ್ಟರು ಮತ್ತೇನೋ ಹೇಳಹೊರಟಾಗ ಅಕ್ಕ ಮೆಲ್ಲಗೆ ಕೈ ಎತ್ತಿ ತಡೆದರು. ಗಂಡ ಜಿಲೇಬಿ ತರಲು ಹೊರಗೆ ಓಡಿದರು.

"ಅವರಿಗೆ ತಿಳಿಸಬೇಕಲ್ರಿ ಅಕ್ಕಾ?" ಎಂದೆ.

"ನಾಳೆ ನಾನ ಹೇಳ್ತೀನ್ರಿ. ಹೊಟ್ಟಿತುಂಬ ಉಂಡು ಭಾಳ ದಿನ ಆತು ಅವರು. ಇವತ್ತೊಂದಿನ ಉಣ್ಲಿ."

ಕಿಮೋ ಹೆಚ್ಚು ದಿನ ಕೈಹಿಡಿಯಲಿಲ್ಲ. ಅಕ್ಕ ತೀರಿಕೊಂಡ ಮೇಲೆ ಒಂದು ಸಂಜೆ ಅವರ ಗಂಡ ನಮ್ಮ ಬಾಗಿಲಲ್ಲಿ ಕೂತು ಹೇಳಿದರು: "ಮರುದಿನ ಮುಂಜಾನಿ ಬಿಸಿ ರೊಟ್ಟಿ ಬಡಿದು ಹಾಕಿದ್ಲರಿ. ನಾ ಉಂಡು ಕೈ ತೊಳ್ಕೊಳೋ ತನಕ ಕಾದು, ಆಮ್ಯಾಲ ಹೇಳಿದ್ಲು."