ಕಪಿಲೆಯ ದಡದ ಟ್ರಯಲ್ ಬಾಲು

ಇಂಗ್ಲೆಂಡಿನಲ್ಲಿ ಕೌಂಟಿ ಎಂಬುದೊಂದಿದೆಯಂತೆ. ನಮ್ಮಲ್ಲಿ ಅದಕ್ಕೆ ತಾಲ್ಲೂಕು ಎನ್ನುತ್ತಾರೆ. ಅಲ್ಲಿ ಕೌಂಟಿಗೆ ಆಡಿದ ಬೌಲರನೊಬ್ಬ ನಿವೃತ್ತನಾದರೆ, ದಿನಗಟ್ಟಲೆ ನಡೆಯುವ ಆಟದಲ್ಲಿ ಅವನು ಹೇಗಿದ್ದ, ಒಂದು ದಿನದ ಆಟದಲ್ಲಿ ಹೇಗಿದ್ದ ಎಂದು ಪತ್ರಿಕೆಯವರು ಬಿಡಿಬಿಡಿಯಾಗಿ ತೂಗಿ ಬರೆಯುತ್ತಾರೆ. ತೊಂಬತ್ತರ ದಶಕದಲ್ಲಿ ನಂಜನಗೂಡಿನ ಕಡೆಯಿಂದ ಬೌಲ್ ಮಾಡಿದ ನನ್ನ ಗೆಳೆಯನ ಬಗ್ಗೆ ಯಾರೂ ಹಾಗೆ ಬರೆಯಲಿಲ್ಲ. ಅವನಿಗೆ ವಿಕೆಟ್ ಹಿಂದೆ ನಿಂತವನು ನಾನು. ಆ ಅರ್ಹತೆಯ ಮೇಲೆ ಈ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ಬೇರೆ ಅರ್ಜಿದಾರರು ಇದ್ದಂತಿಲ್ಲ.

ಅವನ ಊರು ಪಕ್ಕದ ಕಳಲೆ. ಸೈಕಲ್ಲು ತುಳಿದುಕೊಂಡು ಬರುತ್ತಿದ್ದ ಎಡಗೈ ಬೌಲರ್.

ಮೊದಲು ಗದ್ದೆಯ ಆಟ. ಕುಯ್ಲು ಮುಗಿದ ಗದ್ದೆ, ಟೆನಿಸ್ ಬಾಲು. ಇಲ್ಲಿ ಚೆಂಡನ್ನು ತಿರುಗಿಸುವುದು ಬೌಲರ್ ಅಲ್ಲ, ಭತ್ತದ ಕೂಳೆ. ಕೂಳೆಗೆ ತಗುಲಿದ ಚೆಂಡು ಎಡಕ್ಕೆ ಹೋದೀತು, ಬಲಕ್ಕೆ ಹೋದೀತು, ಒಮ್ಮೊಮ್ಮೆ ಮನಸ್ಸು ಬದಲಾಯಿಸಿ ಅಲ್ಲೇ ಕೂತೀತು. ಎಲ್ಲವೂ ತನ್ನ ಮಣಿಕಟ್ಟಿನ ಕೆಲಸವೇ ಎಂದು ಅವನು ವಾದಿಸುತ್ತಿದ್ದ. ಈ ಬಗೆಯ ಆಟದಲ್ಲಿ ಅವನ ಸಾಧನೆ ಅಮೋಘ. ಅರ್ಧ ಪಾಲು ಕೂಳೆಗೆ ಸಲ್ಲಬೇಕು.

ಆಮೇಲೆ ಕಾರ್ಕ್ ಬಾಲಿನ ಆಟ. ನಂಜನಗೂಡಿನ ಮೈದಾನದಲ್ಲಿ ಮ್ಯಾಟು ಹಾಸಿ ಮೊಳೆ ಹೊಡೆಯುವಷ್ಟರಲ್ಲಿ ಬಿಸಿಲೇರುತ್ತಿತ್ತು. ಮ್ಯಾಟಿನ ಮೇಲೆ ಕೂಳೆಯ ನೆರವಿಲ್ಲ. ಆದರೂ ಅವನ ಚೆಂಡು ಹೊರಗೆ ಬಿದ್ದು ಒಳಗೆ ಬಂತು. ನನ್ನ ಸಂಶಯ ಅಂದೇ ಹೋಯಿತು. ಒಂದು ಹೆಬ್ಬೆರಳೂ ಹೋದಂತೆಯೇ. ಚಳಿಗಾಲದಲ್ಲಿ ಅದು ಈಗಲೂ ಸಾಕ್ಷಿ ನುಡಿಯುತ್ತದೆ.

ಉಳಿದದ್ದು ಲೆದರ್ ಬಾಲು. ಅದಕ್ಕೆ ಮೈಸೂರಿನ ಲೀಗಿನಲ್ಲಿ ಆಡುವ ಕ್ಲಬ್ಬು ಬೇಕು. ಅವನಿಗೆ ಬದುಕಿನಲ್ಲಿ ಬೇಕಾಗಿದ್ದದ್ದೇ ಅದು.

“ಒಂದೇ ಒಂದ್ ಸಲ ಲೀಗಲ್ಲಿ ಲೆದರ್ ಬಾಲ್ ಆಕ್ಬುಟ್ರೆ ಸಾಕು ಕಣ್ಲಾ. ಆಮೇಲೆ ಗೊಬ್ಬರ ಒರು ಅಂದ್ರೂ ಒರ್ತೀನಿ.”

“ಈಗ್ಲೂ ಅದನ್ನೇ ತಾನೇ ಹೊರ್ತಿರೋದು?” ಎಂದೆ.

ತಿ. ನರಸೀಪುರದ ತಂಡದಲ್ಲಿ ಬ್ಯಾಂಕಿನ ಒಬ್ಬರಿದ್ದರು. ಮೈಸೂರಿನ ಲೀಗಿನಲ್ಲಿ ಆಡಿದವರು. ಅವರು ಒಂದು ಮಾತು ಹೇಳಿದರೆ ಕ್ಲಬ್ಬಿನವರು ಬೌಲರನನ್ನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಾರೆಂದು ಪ್ರತೀತಿ. ಎರಡೂ ತಾಲ್ಲೂಕಿನಲ್ಲಿ ಬಿಳಿ ಪ್ಯಾಂಟು ಹಾಕಿ ಆಡುತ್ತಿದ್ದದ್ದು ಅವರೊಬ್ಬರೇ. ನರಸೀಪುರದವರ ಮೇಲೆ ಮ್ಯಾಚು ಗೊತ್ತಾದಾಗ ಗೆಳೆಯ ವಾರವಿಡೀ ಸರಿಯಾಗಿ ಉಣ್ಣಲಿಲ್ಲ.

ಇಲ್ಲಿ ಕಾನೂನಿನ ಒಂದು ಅಂಶ. ಲೆಕ್ಕಕ್ಕೆ ಬಾರದ, ಕೈ ಕುದುರಲೆಂದು ಹಾಕುವ ಚೆಂಡೇ ಟ್ರಯಲ್ ಬಾಲು. ನಂಜನಗೂಡಿನಲ್ಲಿ ಆಟ ಶುರುವಾಗುವಾಗ ಒಂದೇ ಟ್ರಯಲ್ ಬಾಲು. ನರಸೀಪುರದಲ್ಲಿ ಹೊಸದಾಗಿ ಬಂದ ಪ್ರತಿ ಬ್ಯಾಟ್ಸ್‌ಮನ್ನಿಗೂ ಒಂದೊಂದು. ಯಾರೂ ಯಾರನ್ನೂ ಕೇಳಲಿಲ್ಲ. ಲೋಕವೆಲ್ಲ ತಮ್ಮಂತೆಯೇ ಆಡುತ್ತದೆಂದು ಎರಡೂ ಊರು ನಂಬಿದ್ದವು.

ನರಸೀಪುರದಲ್ಲಿ, ಹೊಳೆಯ ಪಕ್ಕದ ಬಯಲಿನಲ್ಲಿ ಆಟ. ಒಂದು ವಿಕೆಟ್ ಬಿದ್ದ ಮೇಲೆ ಬಿಳಿ ಪ್ಯಾಂಟಿನವರು ಬಂದರು. ಗೆಳೆಯ ಓಡಿ ಬಂದ. ಹೊರಗೆ ಬಿತ್ತು, ಒಳಗೆ ಬಂತು, ನಡುವಿನ ಕೋಲು ನನ್ನ ಕಾಲ ಬಳಿ ಮಲಗಿತು. ಅವರು ತಿರುಗಿ ಅದನ್ನು ನೋಡಿದರು. “ಒಳ್ಳೇ ಬಾಲು” ಎಂದರು. ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು.

“ಸಾ, ಎಲ್ಲಿಗೋಯ್ತಿದ್ದೀರಾ ಸಾ! ಟ್ರಯಲ್ ಬಾಲು!” ಎಂದು ಅವರ ಕಡೆಯವರು ಕೂಗಿದರು.

“ಯಾವೂರ್ ರೂಲ್ಲಾ ಇದು?” ಗೆಳೆಯ ಮೈಮೇಲೆ ಹೋದ.

“ನಮ್ಮೂರ್ದು. ನೀ ನಿಂತಿರೋದ್ ಯಾವೂರಲ್ಲಿ?”

ಬಿಳಿ ಪ್ಯಾಂಟಿನವರು ಸಂಕೋಚದಿಂದಲೇ ವಾಪಸು ಬಂದರು. ಮುಂದಿನ ಚೆಂಡನ್ನು ಸಂಕೋಚವಿಲ್ಲದೆ ಕಪಿಲೆಗೆ ಎತ್ತಿದರು. ಇದ್ದದ್ದು ಅದೊಂದೇ ಚೆಂಡು. ಅದು ಕಾವೇರಿ ಸೇರಲು ತೇಲಿಕೊಂಡು ಹೋಯಿತು, ಆಟ ಮುಗಿಯಿತು. ಸ್ವಲ್ಪ ದಿನಕ್ಕೆ ಅವರಿಗೆ ವರ್ಗವಾಯಿತು. ಕ್ಲಬ್ಬಿಗೆ ಹೇಳಬೇಕಿದ್ದ ಆ ಒಂದು ಮಾತನ್ನು ಯಾರೂ ಯಾರಿಗೂ ಹೇಳಲಿಲ್ಲ.

ಗೆಳೆಯ ನಂಜನಗೂಡಿನ ಕಾರ್ಖಾನೆಯೊಂದಕ್ಕೆ ಸೇರಿದ. ಬೌಲಿಂಗಿಗೆ ಭಾನುವಾರ ಬೇಕು; ಶಿಫ್ಟಿನ ಕಾರ್ಖಾನೆಗೆ ಭಾನುವಾರದ ಪರಿಚಯವಿರಲಿಲ್ಲ. ನನಗೆ ನರಸೀಪುರದ ಕಚೇರಿಯಲ್ಲಿ ಕೆಲಸವಾಯಿತು. ಅವನ ಹೆಂಡತಿಯ ತವರು ಅಲ್ಲೇ ಹತ್ತಿರ. ಬಂದಾಗಲೆಲ್ಲ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಸಿಗುತ್ತಿದ್ದ. ಟೀ ಬರುವ ಮೊದಲೇ ಕೇಳುತ್ತಿದ್ದ:

“ಅವತ್ತು ಎಲ್ಲೀಗಂಟ ಓಗಿದ್ರು ಅವ್ರು?”

ಮೊದಲ ಸಲ ಇದ್ದದ್ದನ್ನೇ ಹೇಳಿದೆ: ವಾಪಸು ಕರೆಯುವ ಮೊದಲು ನಾಲ್ಕು ಹೆಜ್ಜೆ ಇಟ್ಟಿದ್ದರು, ಅಷ್ಟೆ. ಅವನು ಟೀ ಪೂರ್ತಿ ಕುಡಿಯಲಿಲ್ಲ. ಮುಂದಿನ ಸಲ ಅವರನ್ನು ಬೌಂಡರಿ ಗೆರೆಯವರೆಗೆ ನಡೆಸಿದೆ. ಅದರ ಮುಂದಿನ ಸಲ ಗೆರೆ ದಾಟಿಸಿದೆ. ಆಟದ ದಿನ ಅವನೂ ಎದುರಿಗೇ ನಿಂತಿದ್ದವನು, ಎರಡೂ ಕಣ್ಣು ಸರಿಯಿದ್ದವನು. ಆದರೂ ಸುದ್ದಿ ಈಗಷ್ಟೇ ಬಂದಿತೆಂಬಂತೆ ಕೇಳಿಸಿಕೊಳ್ಳುತ್ತಿದ್ದ.

ಇಪ್ಪತ್ತು ಓವರಿನ ಆಟ ಬಂದ ಕಾಲ. ಅಂಗಡಿಯ ಟೀವಿಯಲ್ಲಿ ಒಬ್ಬನ ಸ್ಟಂಪು ಹಾರಿತು, ಅವನು ನಗುತ್ತಾ ಅಲ್ಲೇ ನಿಂತಿದ್ದ. ಫ್ರೀ ಹಿಟ್ಟಂತೆ, ಬೌಲ್ಡ್ ಆದರೂ ಔಟಿಲ್ಲವಂತೆ.

“ಥೂ, ನೋಡ್ಲಾ, ಟ್ರಯಲ್ ಬಾಲ್ನೇ ಎತ್ಕಂಡೋಗವ್ರೆ!”

“ನರಸೀಪುರದೋರನ್ನ ಒಂದ್ ಮಾತೂ ಕೇಳಿಲ್ಲ ನೋಡು.”

ನಕ್ಕ. ಆಮೇಲೆ ಆ ಬೌಲರನ ಮುಖ ತೋರಿಸಿದರು. ಟೀ ಲೋಟ ಕೆಳಗಿಟ್ಟು ಅದನ್ನೇ ನೋಡಿದ. ನಂಜನಗೂಡಿನ ಬಸ್ಸು ಹೊರಟಿತು. ಓಡಿ ಹತ್ತಿದವನು ಬಾಗಿಲಿನಿಂದ ತಲೆ ಹೊರಗೆ ಹಾಕಿ ಕೂಗಿದ:

“ಲೇ, ಎಲ್ಲೀಗಂಟ ಓಗಿದ್ರು, ಏಳ್ಲೇ ಇಲ್ವಲ್ಲ!”

“ಮರದ ಕೆಳಗೆ ಕೂತು ಪ್ಯಾಡ್ ಬಿಚ್ಚಿದ್ರು ಕಣೋ!” ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದೆ.

ಆ ವರ್ಷವೇ ಕಾರ್ಖಾನೆಯವರು ಅವನ ವಿಭಾಗವನ್ನು, ಅವನ ಸಮೇತ, ಹೊಸೂರಿಗೆ ಸಾಗಿಸಿದರು. ಬಹಳ ಕಾಲದಿಂದ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿಲ್ಲ. ಕಚೇರಿ ಮುಗಿಸಿ ಹೊಳೆಯ ಕಡೆ ಹೋದಾಗ ಅಂಗೈಗಳು ತಾವಾಗಿಯೇ ಅರಳಿಕೊಳ್ಳುತ್ತವೆ. ಹೊರಗೆ ಬಿದ್ದು ಒಳಗೆ ಬರುವುದೇನೂ ಇಲ್ಲ. ತೂಗಿ ನೋಡುವ ಕೆಲಸ ಮಾತ್ರ ನಿಲ್ಲಿಸಿಲ್ಲ. ಮರದ ಕೆಳಗಿಂದ ಬಿಳಿ ಪ್ಯಾಂಟಿನವರನ್ನು ಎಬ್ಬಿಸಿ ಪ್ರತಿ ಸಂಜೆ ಇನ್ನಷ್ಟು ದೂರ ಕಳಿಸುತ್ತೇನೆ. ಈಗ ಗೆಳೆಯ ಬಂದು ಕೇಳಿದರೆ ಉತ್ತರ ಸಿದ್ಧವಿದೆ: ಸೇತುವೆ ದಾಟಿದರು ಕಣೋ, ತಿರುಗಿ ನೋಡಲೂ ಇಲ್ಲ.